ಯೋಜನೆ ಹಾಕದೆ ಟೂರ್ನಿಗೆ ಇಳಿಯುವವರಿಗೆ ಯಾವ ಪಡೆ, ಯಾವ ಆಟ?

ವಾರ್‌ಹ್ಯಾಮರ್ 40,000 (ಪುಟ್ಟ ಗೊಂಬೆಗಳ ಪಡೆ ಕಟ್ಟಿ, ಮೇಜಿನ ಮೇಲೆ ದಾಳ ಉರುಳಿಸಿ ಆಡುವ ಯುದ್ಧದಾಟ) ಟೂರ್ನಿಗೆ ಹೆಸರು ಕೊಡುವ ಆಸೆ ಇದೆ, ಪ್ರತಿ ಮಿಷನ್ನಿಗೂ ಮನೆಯಲ್ಲಿ ಕುಳಿತು ವ್ಯೂಹ ಬರೆದುಕೊಳ್ಳುವ ವ್ಯವಧಾನ ಇಲ್ಲ. ಅಂಥವರು ಯಾವ ಪಡೆ ಕಟ್ಟಬೇಕು? ಕೇಳಿದವರಿಗೆ ಸಾಮಾನ್ಯವಾಗಿ ಎರಡು ಉತ್ತರ ಸಿಗುತ್ತವೆ. ಈಗ ಗೆಲ್ಲುತ್ತಿರುವುದನ್ನು ಕೊಳ್ಳಿ ಎನ್ನುವವರು ಕೆಲವರು, ಕಣ್ಣಿಗೆ ಚೆಂದ ಕಂಡದ್ದನ್ನು ಕೊಳ್ಳಿ ಎನ್ನುವವರು ಕೆಲವರು. ಎರಡನೆಯ ಮಾತನ್ನು ಒಪ್ಪಬಹುದು. ಬಣ್ಣ ಹಚ್ಚಲು ಮನಸ್ಸಾದರೂ ಬರುತ್ತದೆ. ಮೊದಲನೆಯದನ್ನು ನಂಬಿದರೆ ಕೈ ಸುಟ್ಟುಕೊಳ್ಳುವುದು ಖಂಡಿತ. 2023ರ ಜೂನ್‌ನಲ್ಲಿ ಹತ್ತನೆಯ ಆವೃತ್ತಿ ಬಂದಾಗ ಟೂರ್ನಿಗಳಲ್ಲೆಲ್ಲ ಆಯೆಲ್ಡರಿ ಪಡೆಯದೇ ಕಾರುಬಾರು. ಅದೇ ವರ್ಷ ಆಟವನ್ನು ತಯಾರಿಸುವ ನಾಟಿಂಗ್‌ಹ್ಯಾಮ್‌ನ ಗೇಮ್ಸ್ ವರ್ಕ್‌ಶಾಪ್ ಅದರ ಪಾಯಿಂಟ್ (ಪಡೆ ಕಟ್ಟುವಾಗ ಪ್ರತಿ ತುಕಡಿಗೆ ತೆರುವ ಬೆಲೆ) ಏರಿಸಿ, ನಿಯಮ ತಿದ್ದಿ, ಬಾಲ ಕತ್ತರಿಸಿತು. ಗೆಲ್ಲುತ್ತದೆಂದು ಕೊಂಡವರ ಪಡೆಗೆ ಬಣ್ಣ ಒಣಗುವ ಮೊದಲೇ ಆ ಮೊದಲಿನ ಬಲ ಉಳಿಯಲಿಲ್ಲ. ಅದಕ್ಕಿಂತ ದೊಡ್ಡ ತೊಡಕೆಂದರೆ, ಆಯೆಲ್ಡರಿಯಂಥ ತೆಳು ಮೈಯ ಪಡೆ ಗೆದ್ದದ್ದು ಪ್ರತಿ ಇಂಚನ್ನೂ ಲೆಕ್ಕ ಹಾಕಿ ಆಡುವವರ ಕೈಯಲ್ಲಿ.

ನನ್ನ ವಾದ ಸರಳ. ಯೋಜನೆ ಹಾಕದವರು ಪಡೆಯ ಬಲವನ್ನು ನೋಡಬಾರದು, ಅದು ತಪ್ಪನ್ನು ಎಷ್ಟು ಅಗ್ಗವಾಗಿ ಮನ್ನಿಸುತ್ತದೆ ಎಂಬುದನ್ನು ನೋಡಬೇಕು. ಇಲ್ಲಿ ಹೇಳುವ ನಿಯಮ, ಅಂಕಿಗಳೆಲ್ಲ ಹತ್ತನೆಯ ಆವೃತ್ತಿಯವು.

ಮೊದಲು, ಅಂಕ ಎಲ್ಲಿಂದ ಬರುತ್ತದೆ

ಟೂರ್ನಿಯ ಸಾಮಾನ್ಯ ಪಂದ್ಯ 2,000 ಪಾಯಿಂಟ್‌ಗಳ ಪಡೆಗಳ ನಡುವೆ, 60 ಇಂಚು ಉದ್ದ 44 ಇಂಚು ಅಗಲದ ಮೇಜಿನ ಮೇಲೆ, ಐದು ಸುತ್ತು ನಡೆಯುತ್ತದೆ; ಸುತ್ತಿಗೆ ಇಬ್ಬರಿಗೂ ಒಂದೊಂದು ಸರದಿ. ಒಟ್ಟು ನೂರು ಅಂಕ. ಅದರಲ್ಲಿ 50 ಮುಖ್ಯ ಮಿಷನ್ನಿಗೆ, ಅಂದರೆ ಮೇಜಿನ ಮೇಲಿನ ಆಬ್ಜೆಕ್ಟಿವ್‌ಗಳನ್ನು (ಗುರುತಿಟ್ಟ ಜಾಗಗಳನ್ನು) ಹಿಡಿದು ನಿಲ್ಲುವುದಕ್ಕೆ. 40 ಉಪ ಮಿಷನ್‌ಗಳಿಗೆ. ಉಳಿದ 10 ಅಂಕ ಪಡೆಗೆ ಪೂರ್ತಿ ಬಣ್ಣ ಹಚ್ಚಿ ತಂದಿದ್ದಕ್ಕೆ. ಕೊಂದದ್ದಕ್ಕೆಂದೇ ಪ್ರತ್ಯೇಕ ಖಾತೆ ಇಲ್ಲ. ಕೆಲವು ಉಪ ಮಿಷನ್‌ಗಳು ಕೊಲ್ಲಲು ಹೇಳುತ್ತವೆ, ಅಷ್ಟೇ. ಎದುರಾಳಿಯ ಪಡೆಯನ್ನು ಹೆಚ್ಚುಕಡಿಮೆ ಅಳಿಸಿ ಹಾಕಿಯೂ ಸೋಲುವವರು ಪ್ರತಿ ಟೂರ್ನಿಯಲ್ಲೂ ಇರುತ್ತಾರೆ.

ಉಪ ಮಿಷನ್‌ಗಳಲ್ಲಿ ಎರಡು ದಾರಿ. ಪಂದ್ಯದ ಆರಂಭದಲ್ಲೇ ಎರಡನ್ನು ಆರಿಸಿಕೊಂಡು ಕೊನೆಯವರೆಗೆ ಅದನ್ನೇ ಬೆನ್ನಟ್ಟುವುದು ಒಂದು. ಪ್ರತಿ ಸರದಿಯಲ್ಲೂ ಕಟ್ಟಿನಿಂದ ಕಾರ್ಡ್ ಎಳೆದು, ಅದು ಹೇಳಿದ್ದನ್ನು ಮಾಡುವುದು ಇನ್ನೊಂದು. ನಮ್ಮಂಥವರಿಗೆ ಕಾರ್ಡ್‌ಗಳೇ ಸರಿ. ಈ ಸರದಿಯಲ್ಲಿ ಏನು ಮಾಡಬೇಕೆಂದು ಅವೇ ಹೇಳುತ್ತವೆ, ಮುಂದಿನದನ್ನು ಯೋಚಿಸಿಟ್ಟುಕೊಂಡವನಿಗೂ ಮುಂದೆ ಬರುವ ಕಾರ್ಡ್ ಗೊತ್ತಿರುವುದಿಲ್ಲ. ಬಾರದ ಕೆಲಸದ ಕಾರ್ಡ್ ಬಂದರೆ ನಿಮ್ಮ ಸರದಿಯ ಕೊನೆಯಲ್ಲಿ ಬಿಸುಟು ಒಂದು ಕಮಾಂಡ್ ಪಾಯಿಂಟ್ (ವಿಶೇಷ ತಂತ್ರಗಳಿಗೆ ಖರ್ಚು ಮಾಡುವಂಥದ್ದು) ಪಡೆಯಬಹುದು. ಆದರೆ ಕಾರ್ಡ್‌ಗಳು ಮೇಜಿನ ಮೂಲೆಮೂಲೆಗೂ ಓಡಿಸುತ್ತವೆ. ಓಡಲು ಒಂದೆರಡು ಅಗ್ಗದ ತುಕಡಿ ಇರಲೇಬೇಕು. ಈ ಮಾತು ಮುಂದೆ ಮತ್ತೆ ಬರುತ್ತದೆ.

ಇನ್ನೊಂದು ಸಮಾಧಾನ: ಬಹುತೇಕ ಟೂರ್ನಿಗಳು ಸ್ವಿಸ್ ಪದ್ಧತಿಯವು. ಗೆದ್ದವರಿಗೆ ಗೆದ್ದವರು, ಸೋತವರಿಗೆ ಸೋತವರು ಜೋಡಿಯಾಗುತ್ತಾರೆ. ಎರಡು ದಿನದ ಐದು ಪಂದ್ಯಗಳಲ್ಲಿ ಮೊದಲೆರಡು ಕೈಬಿಟ್ಟರೂ ಮೂರನೆಯದರಲ್ಲಿ ಎದುರು ಕೂರುವವನು ಹೆಚ್ಚುಕಡಿಮೆ ನಿಮ್ಮಂತೆಯೇ ಆಡುವವನಾಗಿರುತ್ತಾನೆ. ಎರಡು ಗೆಲುವು ಮನೆಗೆ ಒಯ್ಯುವುದು ಯೋಜನೆ ಇಲ್ಲದೆಯೂ ಸಾಧ್ಯ. ಟ್ರೋಫಿ ಸಾಧ್ಯವಿಲ್ಲ, ಅದನ್ನು ಮೊದಲೇ ಮರೆತುಬಿಡಿ.

ಯಾವ ಅಳತೆಗೋಲು

ನಾನು ನಾಲ್ಕನ್ನು ನೋಡುತ್ತೇನೆ. ಒಂದು ತುಕಡಿಯನ್ನು ತಪ್ಪು ಜಾಗದಲ್ಲಿ ನಿಲ್ಲಿಸಿದರೆ ಅದು ಆ ಸರದಿಯಲ್ಲೇ ಸಾಯುತ್ತದೆಯೇ, ಬದುಕಿ ಎರಡನೆಯ ಅವಕಾಶ ಕೊಡುತ್ತದೆಯೇ ಎಂಬುದು ಎಲ್ಲಕ್ಕಿಂತ ಮುಖ್ಯ. ಎರಡನೆಯದು ಸರದಿಗೆ ಎಷ್ಟು ನಿರ್ಧಾರ ಎಂಬುದು. ಮೂರು ಗಂಟೆಯ ಪಂದ್ಯದಲ್ಲಿ ಚೆಸ್ ಗಡಿಯಾರ ಇಟ್ಟರೆ ಒಬ್ಬರಿಗೆ ತೊಂಬತ್ತು ನಿಮಿಷ. ಅಲ್ಲೇ ನಿಂತು ಯೋಚಿಸುವವರ ಸಮಯ ಯೋಚಿಸಿಟ್ಟುಕೊಂಡು ಬಂದವರಿಗಿಂತ ಬೇಗ ಕರಗುತ್ತದೆ. ಮೂರನೆಯದು ಸುಮ್ಮನೆ ಮುಂದೆ ನಡೆದರೆ ಅಂಕ ತಾನಾಗಿ ಬರುತ್ತದೆಯೇ ಎಂಬುದು. ನಾಲ್ಕನೆಯದು ದುಡ್ಡು ಮತ್ತು ಬಣ್ಣದ ಶ್ರಮ.

ದುಡ್ಡಿನ ಮಾತು ಭಾರತದಲ್ಲಿರುವವರಿಗೆ ಬೇರೆಯೇ. ಬ್ರಿಟನ್ನಿನಲ್ಲಿ ಒಂದು ಕಾಂಬ್ಯಾಟ್ ಪ್ಯಾಟ್ರೋಲ್ ಪೆಟ್ಟಿಗೆ, ಅಂದರೆ ಚಿಕ್ಕ ಆರಂಭಿಕ ಪಡೆ, ನೂರು ಪೌಂಡಿನ ಆಸುಪಾಸು, ಮತ್ತು ಟೂರ್ನಿಯ ಪಡೆಗೆ ಅಂಥದ್ದು ಒಂದು ಸಾಲದು. ನಮ್ಮಲ್ಲಿ ಆಟಿಕೆಗಳ ಆಮದು ಸುಂಕ 2020ರಲ್ಲಿ ಶೇಕಡಾ 20ರಿಂದ 60ಕ್ಕೆ, 2023ರಲ್ಲಿ 70ಕ್ಕೆ ಏರಿತು. ತರಿಸಿದ ಪೆಟ್ಟಿಗೆ ಆ ಲೆಕ್ಕಕ್ಕೆ ಸೇರಿತೆಂದರೆ ಅಂಚೆಯವನು ತರುವ ಚೀಟಿ ನೋಡಿ ಎದೆ ಝಲ್ಲೆನ್ನುತ್ತದೆ. ಹಾಗಾಗಿ ಕಡಿಮೆ ಗೊಂಬೆಗಳ ಪಡೆಗೆ ಇಲ್ಲಿ ಒಂದು ಅಂಕ ಹೆಚ್ಚು.

ಅಡೆಪ್ಟಸ್ ಕಸ್ಟೋಡಿಸ್: ಚಿನ್ನದ ಕವಚ

ಮೊದಲ ಅಳತೆಗೋಲಿನಲ್ಲಿ ಇದರ ಸಮಕ್ಕೆ ಬರುವವರು ಕಡಿಮೆ. ಒಬ್ಬ ಕಸ್ಟೋಡಿಯನ್ ಗಾರ್ಡ್‌ನ ಗಡಸುತನ (ಏಟು ತಡೆಯುವ ಶಕ್ತಿ) ಆರು, ಸಾಯುವ ಮೊದಲು ತಿನ್ನಬಲ್ಲ ಗಾಯ ಮೂರು, ಕವಚ ಉಳಿಯಲು ದಾಳದಲ್ಲಿ ಎರಡೋ ಹೆಚ್ಚೋ ಬಂದರೆ ಸಾಕು. ಎಂಥ ಕವಚಭೇದಕ ಆಯುಧ ಬಡಿದರೂ ನಾಲ್ಕೋ ಹೆಚ್ಚೋ ಬಿದ್ದರೆ ಬದುಕುತ್ತಾನೆ. ಐವರ ತುಕಡಿಯನ್ನು ಮೇಜಿನ ನಡುವಿನ ಆಬ್ಜೆಕ್ಟಿವ್ ಮೇಲೆ ನಿಲ್ಲಿಸಿ ಮರೆತರೂ ಒಂದು ಸುತ್ತು ನಿಲ್ಲುತ್ತಾರೆ. ಕಾದಾಡುವಾಗ ಮಾಡಬೇಕಾದ ಆಯ್ಕೆ ಎರಡರಲ್ಲಿ ಒಂದು ಭಂಗಿ, ಅಷ್ಟೇ. ಪಡೆ ಮೂವತ್ತರ ಆಸುಪಾಸಿನ ಗೊಂಬೆಗಳದ್ದು. ಗಡಿಯಾರದ ಚಿಂತೆ ಇಲ್ಲ. ಚಿನ್ನದ ಬಣ್ಣದ ಸ್ಪ್ರೇ, ಮೇಲೊಂದು ಕಂದು ವಾಶ್ (ಸಂದಿಗಳಿಗೆ ಇಳಿಯುವ ತೆಳು ಬಣ್ಣ), ಕೆಂಪು ಬಟ್ಟೆ. ಮುಗಿಯಿತು.

ಕೊರತೆ ಎಲ್ಲಿ? ಕಾಲಿನಲ್ಲಿ. ಆರು ಇಂಚು ನಡಿಗೆ, ಕೆಲವೇ ತುಕಡಿ. ಕಾರ್ಡ್ ಎದುರಾಳಿಯ ಮೂಲೆಗೆ ಹೋಗು ಎಂದರೆ ಕಳಿಸಲು ಯಾರೂ ಇರುವುದಿಲ್ಲ. ಮನೆಯ, ಅಂದರೆ ನಮ್ಮ ಬದಿಯ, ಆಬ್ಜೆಕ್ಟಿವ್ ಕಾಯಲು ನೂರೈವತ್ತು ಪಾಯಿಂಟ್‌ಗೂ ಮೀರಿದ ವೀರರನ್ನು ಸುಮ್ಮನೆ ಕೂರಿಸಬೇಕಾಗುತ್ತದೆ. ಇದರ ಸೋಲು ನಿಧಾನವಾದದ್ದು: ಯಾರೂ ಸತ್ತಿರುವುದಿಲ್ಲ, ಅಂಕಪಟ್ಟಿ ನೋಡಿದರೆ ಇಪ್ಪತ್ತು ಅಂಕ ಹಿಂದೆ.

ಇಂಪೀರಿಯಲ್ ನೈಟ್ಸ್: ಎಂಟೊಂಬತ್ತು ದೈತ್ಯರು

ಪಡೆಯೆಂದರೆ ಮೂರು ದೊಡ್ಡ ನೈಟ್, ಐದಾರು ಆರ್ಮಿಗರ್ (ಚಿಕ್ಕ ನೈಟ್). ಕಲಿಯುವುದಕ್ಕೆ ಇದಕ್ಕಿಂತ ಸುಲಭದ್ದು ಇಲ್ಲ ಎನ್ನುತ್ತಾರೆ, ಅರ್ಧ ನಿಜ. ಸರದಿಗೆ ಒಂಬತ್ತೇ ನಿರ್ಧಾರ, ಸಣ್ಣ ಬಂದೂಕಿನವರ ಗುಂಡು ಹೆಚ್ಚಾಗಿ ತಾಗುವುದೇ ಇಲ್ಲ. ಆದರೆ ಟೂರ್ನಿಯ ಮೇಜಿನ ತುಂಬ ಎತ್ತರದ ಹಾಳು ಕಟ್ಟಡಗಳಿರುತ್ತವೆ. ಕಾಲಾಳುಗಳು ಗೋಡೆಯನ್ನು ದಾಟಿ ಹೋಗುತ್ತಾರೆ, ನೈಟ್ ಸುತ್ತಿ ಬಳಸಬೇಕು. ಮೊದಲು ನಿಲ್ಲಿಸಿದ ಜಾಗ ತಪ್ಪಾದರೆ ನಾನೂರು ಪಾಯಿಂಟಿನ ಯಂತ್ರ ಎರಡು ಸರದಿ ಓಣಿಯಲ್ಲಿ ಸಿಕ್ಕಿಕೊಂಡು ನಿಲ್ಲುವುದನ್ನು ನೋಡುತ್ತಿರಬೇಕು. ಒಂದು ಸತ್ತರೆ ಪಡೆಯ ಐದನೆಯ ಒಂದು ಭಾಗ ಹೋಯಿತು, ಎದುರಾಳಿಯ ಕೈಯಲ್ಲಿ ಅಂಥ ಉಪ ಮಿಷನ್ ಇದ್ದರೆ ವಾಹನ ಕೆಡವಿದ ಅಂಕವೂ ಸೇರಿತು. ಯೋಜನೆ ಬೇಡದ ಪಡೆಯಂತೆ ಕಾಣುವ ಇದು ನಿಜವಾಗಿ ಎಲ್ಲ ಯೋಜನೆಯನ್ನೂ ಮೊದಲ ಹತ್ತು ನಿಮಿಷಕ್ಕೆ ತಳ್ಳುವ ಪಡೆ.

ಬೆಲೆ? ಒಂದೊಂದು ದೊಡ್ಡ ನೈಟ್ ನೂರು ಪೌಂಡ್ ದಾಟುತ್ತದೆ. ಬಣ್ಣ ಹಚ್ಚಲು ಇಷ್ಟವಿರುವವರಿಗೆ ಮಾತ್ರ ಇದು ಹಬ್ಬ. ಕಾಲಾಳುಗಳೇ ಹೆಚ್ಚಿರುವ ಎದುರಾಳಿಗೆ ನೈಟ್ಸ್ ಜೊತೆ ಆಡುವುದು ಬೇಸರದ ಕೆಲಸ ಎಂಬುದನ್ನೂ ತಿಳಿದಿರಿ. ನಿಮ್ಮ ಊರಿನ ಗುಂಪು ಚಿಕ್ಕದಾಗಿದ್ದರೆ ಅದೇ ಐದಾರು ಮುಖಗಳ ಎದುರು ಪ್ರತಿ ವಾರ ಆಡಬೇಕಲ್ಲ.

ವರ್ಲ್ಡ್ ಈಟರ್ಸ್ ಮತ್ತು ಆರ್ಕ್ಸ್: ನುಗ್ಗುವವರು

'ಯೋಜನೆ ಇಲ್ಲವೇ? ಹಾಗಾದರೆ ನುಗ್ಗುವ ಪಡೆ ತಗೊಳ್ಳಿ' ಎಂಬ ಸಲಹೆ ಇಲ್ಲಿಗೆ ತಂದು ನಿಲ್ಲಿಸುತ್ತದೆ. ವರ್ಲ್ಡ್ ಈಟರ್ಸ್ ಆಡುವ ಸಂತೋಷವನ್ನು ಅಲ್ಲಗಳೆಯಲಾರೆ. ಪ್ರತಿ ಸುತ್ತಿನ ಆರಂಭದಲ್ಲಿ ಎಂಟು ದಾಳ ಉರುಳಿಸಿ, ಬಿದ್ದ ಜೋಡಿಗಳನ್ನೂ ತ್ರಿವಳಿಗಳನ್ನೂ ಕೊಟ್ಟು ಖೋರ್ನ್ ದೇವರ ವರ ಕೊಳ್ಳುತ್ತೀರಿ. ಇಡೀ ಪಡೆಗೆ ಈ ಸುತ್ತಿನಲ್ಲಿ ಏನು ಬಲ ಎಂಬುದನ್ನು ದಾಳವೇ ತೀರ್ಮಾನಿಸುವಾಗ ಮುಂದಾಲೋಚನೆ ಮಾಡಿದವನೂ ಮಾಡದವನೂ ಸಮ. ಪಡೆಯ ನಾಯಕ ಆಂಗ್ರಾನ್ ಸತ್ತುಬಿದ್ದಿದ್ದರೆ ಆ ಎಂಟರಲ್ಲಿ ಮೂರು ದಾಳಗಳಿಗೆ ಆರು ಬಿದ್ದಾಗ ಎದ್ದು ಬರುತ್ತಾನೆ. ಮೇಜಿನ ಸುತ್ತ ನಿಂತವರೆಲ್ಲ ಬಾಗಿ ನೋಡುವ ಗಳಿಗೆ ಅದು.

ಆದರೂ ನುಗ್ಗುವುದಕ್ಕೂ ಹೊತ್ತುಗೊತ್ತು ಇದೆ. ಚೌಕಾಬಾರದಲ್ಲಿ ಒಂದೇ ಕಾಯಿಯನ್ನು ಓಡಿಸಿ ಮನೆ ಮುಟ್ಟುವ ಮೊದಲೇ ಕಡಿಸಿಕೊಂಡವರಿಗೆ ಈ ನೋವು ಗೊತ್ತು. ಜಾಣ ಎದುರಾಳಿ ಐವತ್ತು ಪಾಯಿಂಟಿನ ತುಕಡಿಯೊಂದನ್ನು ಮುಂದಿಟ್ಟು ಕಾಯುತ್ತಾನೆ. ನಿಮ್ಮ ಬರ್ಜರ್ಕರ್‌ಗಳು ಅದನ್ನು ಚಿಂದಿ ಮಾಡಿ ಬಯಲಲ್ಲಿ ನಿಲ್ಲುತ್ತಾರೆ, ಅವನ ಎಲ್ಲ ತೋಪುಗಳೂ ಅತ್ತ ತಿರುಗುತ್ತವೆ. ಇದಕ್ಕೆ ಯೋಜನೆ ಬೇಕಿಲ್ಲ, ಒಂದು ಸಣ್ಣ ಅಭ್ಯಾಸ ಸಾಕು: ಮೊದಲ ಸುತ್ತಿನಲ್ಲಿ ಗೋಡೆಯ ಹಿಂದಿನವರೆಗೆ ಮಾತ್ರ ನಡೆಯಿರಿ. ಮುಖ್ಯ ಮಿಷನ್ನಿನ ಅಂಕ ಎರಡನೆಯ ಸುತ್ತಿನಿಂದಲೇ ಶುರುವಾಗುವುದು, ಮೊದಲ ಸುತ್ತಿನಲ್ಲಿ ಬಯಲಿಗೆ ಹೋಗಿ ಸಾಯುವುದಕ್ಕೆ ಸಂಬಳವಿಲ್ಲ.

ಚಾರ್ಜ್ ಎಂದರೆ ಎರಡು ದಾಳದಲ್ಲಿ ಬಿದ್ದಷ್ಟು ಇಂಚು ಶತ್ರುವಿನ ಮೇಲೆ ನುಗ್ಗುವುದು; ಅದರ ಲೆಕ್ಕವನ್ನೂ ಕಂಠಪಾಠ ಮಾಡಿಟ್ಟುಕೊಳ್ಳಿ. ಎರಡು ದಾಳದಲ್ಲಿ ಏಳು ಅಥವಾ ಹೆಚ್ಚು ಬೀಳುವುದು 36ರಲ್ಲಿ 21 ಸಲ. ಒಂಬತ್ತು ಅಥವಾ ಹೆಚ್ಚು ಬೀಳುವುದು 36ರಲ್ಲಿ 10 ಸಲ ಮಾತ್ರ. ಮೀಸಲಿನಿಂದ (ಮೇಜಿನ ಹೊರಗಿನಿಂದ) ಇಳಿದ ತುಕಡಿ ಶತ್ರುವಿನಿಂದ ಒಂಬತ್ತು ಇಂಚಿಗೂ ದೂರದಲ್ಲಿ ನಿಲ್ಲಬೇಕೆಂಬ ನಿಯಮ ಇರುವುದರಿಂದ, ಇಳಿದ ಕೂಡಲೇ ಮಾಡುವ ಚಾರ್ಜ್ ನಾಲ್ಕರಲ್ಲಿ ಒಂದಕ್ಕಿಂತ ತುಸು ಹೆಚ್ಚು, ಅಷ್ಟೇ. ಅದನ್ನೇ ನೆಚ್ಚಿಕೊಂಡು ಪಡೆ ಕಟ್ಟಬೇಡಿ.

ಆರ್ಕ್ಸ್ ಇದೇ ಸ್ವಭಾವದವರು, ಇನ್ನೂ ನಗುನಗುತ್ತಾ ಸಾಯುವವರು. ಪಂದ್ಯಕ್ಕೆ ಒಮ್ಮೆ ಕೂಗುವ 'ವಾಆಆ' ಅವರ ಇಡೀ ಯೋಜನೆ: ಆ ಸುತ್ತು ಓಡಿಯೂ ಚಾರ್ಜ್ ಮಾಡಬಹುದು, ಏಟು ಹೆಚ್ಚುತ್ತದೆ, ಮೈ ಗಟ್ಟಿಯಾಗುತ್ತದೆ. ಯಾವ ಸುತ್ತಿನಲ್ಲಿ ಕೂಗಬೇಕೆಂಬ ಒಂದೇ ಪ್ರಶ್ನೆ. ಗೊತ್ತಾಗದಿದ್ದರೆ ಎರಡನೆಯದರಲ್ಲಿ ಕೂಗಿ. ತೊಡಕು ಸಂಖ್ಯೆಯಲ್ಲಿದೆ. ಬಾಯ್ಜ್ ಗುಂಪು ಇಪ್ಪತ್ತರದ್ದು; ಅಂಥ ಮೂರು ನಾಲ್ಕು ಗುಂಪು ಎಂದರೆ ಕೊಳ್ಳಲೂ ಬಣ್ಣ ಹಚ್ಚಲೂ ತಿಂಗಳುಗಳು, ಮೇಜಿನ ಮೇಲೆ ಒಬ್ಬೊಬ್ಬನನ್ನೇ ಸರಿಸುವಷ್ಟರಲ್ಲಿ ಗಡಿಯಾರ ಅರ್ಧ. ಆರ್ಕ್ಸ್ ಬೇಕೇಬೇಕೆಂದರೆ ವಾಹನ, ಬೈಕುಗಳ ಕಡೆ ವಾಲಿ.

ನೆಕ್ರಾನ್ಸ್: ನನ್ನ ಆಯ್ಕೆ

ಒಂದೇ ಹೆಸರು ಹೇಳಿ ಎಂದರೆ ಇದನ್ನು ಹೇಳುತ್ತೇನೆ. ಪ್ರತಿ ಸರದಿಯಲ್ಲೂ ಅದರ ಮೊದಲ ಭಾಗವಾದ ನಿಮ್ಮ ಕಮಾಂಡ್ ಹಂತದ ಕೊನೆಗೆ ಗಾಯಗೊಂಡ ತುಕಡಿಗಳು ಸಾಮಾನ್ಯವಾಗಿ ಒಂದರಿಂದ ಮೂರು ಗಾಯ ಮಾಯಿಸಿಕೊಳ್ಳುತ್ತವೆ, ಬಿದ್ದವರು ಎದ್ದು ನಿಲ್ಲುತ್ತಾರೆ. ನೀವೇನೂ ಮಾಡಬೇಕಿಲ್ಲ. ಇದರಿಂದ ಎದುರಾಳಿಗೆ ಬರುವ ಫಜೀತಿ ನೋಡಿ: ಒಂದು ತುಕಡಿಯನ್ನು ಮುಗಿಸಿದರೆ ಪೂರ್ತಿ ಮುಗಿಸಬೇಕು, ಇಬ್ಬರನ್ನು ಬಿಟ್ಟರೆ ಶ್ರಮ ದಂಡ. ಯೋಜನೆ ಹಾಕುವ ಭಾರ ಅವನ ಹೆಗಲಿಗೆ ಹೋಯಿತು. ತಪ್ಪನ್ನು ಮನ್ನಿಸುವ ಗುಣ ಕಸ್ಟೋಡಿಸ್‌ಗೂ ಇದೆ. ನೆಕ್ರಾನ್ಸ್ ಅದಕ್ಕೆ ಅಗ್ಗದ ತುಕಡಿಗಳನ್ನೂ ಸೇರಿಸುತ್ತದೆ. ಮನೆ ಕಾಯಲು ಹತ್ತು ವಾರಿಯರ್‌ಗಳು, ಕಾರ್ಡ್ ಹೇಳಿದ ಮೂಲೆಗೆ ಓಡಲು ಸ್ಕ್ಯಾರಬ್ ಹುಳುಗಳು. ಆರಂಭದಲ್ಲಿ ಹೇಳಿದ ಓಟಗಾರರ ಸಮಸ್ಯೆ ಇಲ್ಲಿಲ್ಲ.

ಬಣ್ಣವಂತೂ ಸೋಮಾರಿಗಳಿಗೇ ಮಾಡಿದಂತಿದೆ. ಲೋಹದ ಬಣ್ಣದ ಲೆಡ್‌ಬೆಲ್ಚರ್ ಸ್ಪ್ರೇ ಹೊಡೆದು, ಒಣಗಿದ ಮೇಲೆ ನಲ್ನ್ ಆಯಿಲ್ ಎಂಬ ಕಪ್ಪು ವಾಶ್ ಎಲ್ಲ ಸಂದಿಗಳಿಗೂ ಇಳಿಯುವಂತೆ ಬಳಿದು, ಕಣ್ಣಿಗೂ ಬಂದೂಕಿಗೂ ಹಸಿರು ಇಟ್ಟರೆ ಹತ್ತು ಅಂಕ ಕೈಯಲ್ಲಿ. ಕರಾವಳಿಯವರಿಗೆ, ಮಳೆಗಾಲದ ಮಲೆನಾಡಿನವರಿಗೆ ಒಂದು ಎಚ್ಚರಿಕೆ: ತೇವದ ಗಾಳಿಯಲ್ಲಿ ಸ್ಪ್ರೇ ನಯವಾಗಿ ಕೂರದೆ ಮಂಕಾಗಿ, ತರಿತರಿಯಾಗಿ ನಿಲ್ಲುತ್ತದೆ. ಬಿಸಿಲು ಬಿದ್ದ ದಿನ ಕಾಯಿರಿ, ಇಲ್ಲವೇ ಕುಂಚ ಹಿಡಿಯಿರಿ.

ಇದರ ಬೆಲೆ ಬೇರೆ ರೂಪದಲ್ಲಿ ತೆರಬೇಕು. ನೆಕ್ರಾನ್ಸ್ ಹೆಚ್ಚಿನವರು ನಿಧಾನ. ಎದುರಾಳಿ ಒಂದು ತುಕಡಿಯ ಮೇಲೆ ಎಲ್ಲ ಗುಂಡನ್ನೂ ಸುರಿದು ಪೂರ್ತಿ ಅಳಿಸುವಷ್ಟು ಶಿಸ್ತಿನವನಾದರೆ ಏಳುವುದಕ್ಕೆ ಯಾರೂ ಉಳಿಯುವುದಿಲ್ಲ.

ಸುಲಭವೆಂದು ಮಾರಲಾಗುವ ಎರಡು

ಸ್ಪೇಸ್ ಮರೀನ್ಸ್ ಎಲ್ಲ ಅಂಗಡಿಯಲ್ಲೂ ಸಿಗುತ್ತದೆ, ಹಳೆಯದು ಕೈಬದಲಾಗಿ ಅಗ್ಗಕ್ಕೂ ಸಿಗುತ್ತದೆ. ಬಜೆಟ್ ಬಿಗಿಯಿದ್ದರೆ ಇದನ್ನು ಮೀರಿಸುವ ಪಡೆ ಇಲ್ಲ. ಸರದಿಗೊಮ್ಮೆ ಒಂದು ಶತ್ರು ತುಕಡಿಯನ್ನು ಗುರುತಿಟ್ಟು ಅದರ ಮೇಲೆ ತಪ್ಪಿದ ಗುಂಡುಗಳನ್ನು ಮತ್ತೆ ಉರುಳಿಸುವ ನಿಯಮವೂ ಸರಳ. ಆದರೆ ಇಂಟರ್‌ಸೆಸರ್‌ನಂಥ ಮರೀನ್ ಎಲ್ಲದರಲ್ಲೂ ಸಾಧಾರಣ. ಎರಡು ಗಾಯ, ನಾಲ್ಕರ ಗಡಸುತನ. ಯಾವುದರಲ್ಲೂ ಮಿಂಚದ ತುಕಡಿಗೆ ಸರಿಯಾದ ಕೆಲಸ ಹುಡುಕಿ ಕೊಡಬೇಕಾದವರು ನೀವೇ. ಆ ಹುಡುಕಾಟವೇ ಯೋಜನೆ.

ಟೌ ಪಡೆಯನ್ನು 'ನಿಂತು ಗುಂಡು ಹಾರಿಸಿದರಾಯಿತು' ಎಂದು ಹೇಳಿ ಕೊಳ್ಳಿಸುತ್ತಾರೆ. ಆದರೆ ಒಂದು ತುಕಡಿ ಗುರಿ ತೋರಿಸಬೇಕು, ಇನ್ನೊಂದು ಹೊಡೆಯಬೇಕು, ಇಬ್ಬರಿಗೂ ಶತ್ರು ಕಾಣುತ್ತಿರಬೇಕು. ಹತ್ತಿರ ಬಂದವನ ಮುಂದೆ ಕೈಕಾಲು ಆಡುವುದಿಲ್ಲ. ಹಿಂದೆ ನಿಂತೇ ಇದ್ದರೆ ನಡುವಿನ ಆಬ್ಜೆಕ್ಟಿವ್‌ಗಳು ಅವನ ಪಾಲು. ಯೋಜನೆ ಹಾಕದವರು ಇತ್ತ ಬರದಿರುವುದು ಒಳ್ಳೆಯದು.

ಆಟವನ್ನೇ ಬದಲಿಸುವುದಾದರೆ

ಕೆಲವರಿಗೆ ಪಡೆ ಬದಲಿಸುವುದಕ್ಕಿಂತ ಆಟ ಬದಲಿಸುವುದು ಲೇಸು. 40,000ದಲ್ಲಿ ಒಬ್ಬನ ಸರದಿ ಪೂರ್ತಿ ಮುಗಿದ ಮೇಲೆ ಇನ್ನೊಬ್ಬನದು. ಅರ್ಧ ಗಂಟೆ ಏಟು ತಿಂದು ಆಮೇಲೆ ಎದ್ದು ನಿಲ್ಲಬೇಕು. ಕ್ಷಣಕ್ಷಣಕ್ಕೆ ಪ್ರತಿಕ್ರಿಯಿಸುವ ಮನಸ್ಸಿನವರಿಗೆ ಇದು ಒಗ್ಗುವುದಿಲ್ಲ.

ಅಂಥವರಿಗೆ ಮೊದಲು ಬೋಲ್ಟ್ ಆ್ಯಕ್ಷನ್ ನೋಡಿ ಎನ್ನುತ್ತೇನೆ. ಎರಡನೆಯ ಮಹಾಯುದ್ಧದ ಆಟ, ವಾರ್‌ಲಾರ್ಡ್ ಗೇಮ್ಸ್‌ನದು, 2012ರಲ್ಲಿ ಬಂತು, 2024ರಲ್ಲಿ ಮೂರನೆಯ ಆವೃತ್ತಿ. ಎರಡೂ ಕಡೆಯ ಪ್ರತಿ ತುಕಡಿಗೆ ಒಂದರಂತೆ ದಾಳಗಳನ್ನು ಒಂದೇ ಚೀಲಕ್ಕೆ ಹಾಕಿ ಕಣ್ಣುಮುಚ್ಚಿ ಎಳೆಯುತ್ತಾರೆ. ಬಂದ ದಾಳದ ಬಣ್ಣದವರ ಒಂದು ತುಕಡಿ ಆಡುತ್ತದೆ: ಹೊಡೆ, ಮುಂದೆ ಸಾಗು, ಓಡು, ಹೊಂಚು ಹಾಕು, ಚೇತರಿಸಿಕೊ, ಮಲಗು, ಈ ಆರರಲ್ಲಿ ಒಂದು ಆಜ್ಞೆ. ಮುಂದಿನ ದಾಳ ಯಾರದೆಂದು ಯಾರಿಗೂ ಗೊತ್ತಿಲ್ಲ. ಹತ್ತು ಹೆಜ್ಜೆ ಮುಂದೆ ಯೋಚಿಸಿದವನ ಲೆಕ್ಕ ಇಲ್ಲಿ ಚೀಲದೊಳಗೇ ಕೆಡುತ್ತದೆ. ಮೂವತ್ತು ಸೈನಿಕರ ಪ್ಲಾಸ್ಟಿಕ್ ಪೆಟ್ಟಿಗೆಯೊಂದು ಪಡೆಯ ದೊಡ್ಡ ಭಾಗವನ್ನೇ ತುಂಬುವುದರಿಂದ ದುಡ್ಡೂ ಕಡಿಮೆ. 1944ರ ಇಂಫಾಲ–ಕೊಹಿಮಾದಲ್ಲಿ ಕಾದಿದ ಭಾರತೀಯ ಸೈನಿಕರ ಪಡೆ ಕಟ್ಟುವ ಆಸೆಯಿದ್ದವರಿಗಂತೂ ಇದೇ ಆಟ.

ಅಮೆರಿಕನ್ ಫುಟ್‌ಬಾಲನ್ನು ಹೋಲುವ ಗುದ್ದಾಟದ ಆಟ ಬ್ಲಡ್ ಬೌಲ್ ಅದಕ್ಕಿಂತಲೂ ಅಗ್ಗ. ಒಂದು ಪೆಟ್ಟಿಗೆ ತಂದರೆ ಮೈದಾನಕ್ಕಿಳಿಯುವ ಹನ್ನೊಂದು ಮಂದಿ ಸಿದ್ಧ. ಇದರ ಟರ್ನೋವರ್ ನಿಯಮ ನಿರ್ದಯಿ: ನಿಮ್ಮವನೊಬ್ಬ ಎಡವಿ ಬಿದ್ದರೆ ಆ ಸರದಿ ಅಲ್ಲಿಗೇ ಮುಗಿಯಿತು, ಉಳಿದವರು ಕದಲುವಂತಿಲ್ಲ. ಯೋಜನೆ ಇಲ್ಲದಿದ್ದರೂ ಒಂದು ಕ್ರಮ ಇಟ್ಟುಕೊಂಡರೆ ಸಾಕು. ದಾಳವೇ ಬೇಡದ ನಡೆಗಳು ಮೊದಲು, ಎರಡು ದಾಳದ ಗುದ್ದು ಆಮೇಲೆ, ಚೆಂಡು ಎತ್ತುವುದೋ ತಪ್ಪಿಸಿಕೊಳ್ಳುವುದೋ ಕೊನೆಗೆ. ಡ್ವಾರ್ಫ್ ಅಥವಾ ಆರ್ಕ್ ತಂಡ ತೆಗೆದುಕೊಳ್ಳಿ, ಎಲ್ಫ್ ಬೇಡ.

40,000ದ ಲೋಕದ್ದೇ ಚಿಕ್ಕ ಆಟವಾದ ಕಿಲ್ ಟೀಮ್‌ಗೂ ಒಂದೇ ಪೆಟ್ಟಿಗೆ ಸಾಕು, ಮೇಜು 30 ಇಂಚಿಗೆ 22, ಇಬ್ಬರೂ ಒಬ್ಬೊಬ್ಬ ಸೈನಿಕನನ್ನು ಸರದಿಯಂತೆ ಆಡಿಸುತ್ತಾರೆ. ಬೆಂಗಳೂರಿನ ಫ್ಲಾಟಿನ ಊಟದ ಮೇಜೇ ರಣರಂಗವಾಗುವ ಅಳತೆ. ಆದರೆ ಹತ್ತು ಜನರ ತಂಡದಲ್ಲಿ ಒಬ್ಬನನ್ನು ಮರೆಯಿಂದ ಹೊರಗೆ ಬಿಟ್ಟರೆ ಪಡೆಯ ಹತ್ತನೆಯ ಒಂದು ಪಾಲು ಹೋಯಿತು. ಆಟ ಚಿಕ್ಕದು, ತಪ್ಪಿನ ದಂಡ ದೊಡ್ಡದು. ವಾರ್‌ಮಶೀನ್ ಎಂಬ ಇನ್ನೊಂದು ಗೊಂಬೆ ಯುದ್ಧದಾಟದ ಹತ್ತಿರವೂ ಸುಳಿಯಬೇಡಿ: ಅಲ್ಲಿ ನಾಯಕನೊಬ್ಬ ಸತ್ತರೆ ಪಂದ್ಯವೇ ಮುಗಿಯುತ್ತದೆ, ಮತ್ತು ಅವನನ್ನು ಕೊಲ್ಲುವ ದಾರಿಯನ್ನು ಎದುರಾಳಿ ಮನೆಯಿಂದಲೇ ಯೋಚಿಸಿಕೊಂಡು ಬಂದಿರುತ್ತಾನೆ.

ಕೊಳ್ಳುವ ಮೊದಲು

ಇಷ್ಟಾದ ಮೇಲೂ ಎರಡರ ನಡುವೆ ಮನಸ್ಸು ತೂಗಾಡುತ್ತಿದ್ದರೆ ಎರಡನ್ನೂ ಎರವಲು ಪಡೆದು ಒಂದೊಂದು ಪಂದ್ಯ ಆಡಿ. ಗುಂಪಿನಲ್ಲಿ ಎರಡು ಮೂರು ಪಡೆ ಇಟ್ಟುಕೊಂಡವರು ಇದ್ದೇ ಇರುತ್ತಾರೆ, ಒಡೆಯುವುದಿಲ್ಲ ಎಂದು ಮಾತು ಕೊಟ್ಟರೆ ಸಂತೋಷವಾಗಿಯೇ ಕೊಡುತ್ತಾರೆ. ಆಡುವಾಗ ಗೆದ್ದಿರೋ ಸೋತಿರೋ ಎಂಬುದನ್ನು ಬಿಟ್ಟು, ನಾಲ್ಕನೆಯ ಸುತ್ತಿಗೆ ಬಂದಾಗ ಮೇಜಿನ ಮೇಲೆ ನಿಮ್ಮ ಎಷ್ಟು ತುಕಡಿ ಉಳಿದಿವೆ, ಗಡಿಯಾರದಲ್ಲಿ ಎಷ್ಟು ನಿಮಿಷ ಉಳಿದಿದೆ ಎಂಬ ಎರಡನ್ನು ಗಮನಿಸಿ. ತುಕಡಿ ಉಳಿದು ನಿಮಿಷ ಉಳಿಯದಿದ್ದರೆ ಕಡಿಮೆ ಗೊಂಬೆಗಳ ಪಡೆಗೆ ಹೋಗಿ. ನಿಮಿಷ ಉಳಿದು ತುಕಡಿ ಉಳಿಯದಿದ್ದರೆ ಗಟ್ಟಿ ಮೈಯವರ ಕಡೆ ಹೋಗಿ. ಎರಡೂ ಉಳಿದು ಅಂಕ ಮಾತ್ರ ಇಲ್ಲದಿದ್ದರೆ ಪಡೆ ಸರಿಯಾಗಿಯೇ ಇದೆ, ನೂರು ಪಾಯಿಂಟಿನ ಒಳಗೆ ಓಡುವ ತುಕಡಿಯೊಂದನ್ನು ಸೇರಿಸಿಕೊಳ್ಳಿ.